ಫ್ಯಾಬ್ರಿಸಿಯಸ್ ಮತ್ತು ವೇಪೇರಿ ಅಚ್ಚುಕೂಟ

ಯೊಹಾನ್ ಫಿಲಿಪ್ ಫ್ಯಾಬ್ರಿಸಿಯಸ್ (1711-1791): ಮದರಾಸಿನ ಮೊದಲ ಅಚ್ಚುಕೂಟವನ್ನು ನಡೆಸಿದ ಜರ್ಮನ್ ಪಾದ್ರಿ, ತಮಿಳು ನಿಘಂಟುಕಾರ, ಬೈಬಲ್ ಅನುವಾದಕ. ಈಗಿನ ಚೆನ್ನೈ ನಗರದ ವೇಪೇರಿಯಲ್ಲಿ 1761ರ ನಂತರ ಈತನ ಉಸ್ತುವಾರಿಯಲ್ಲಿ ನಡೆದ ಮುದ್ರಣಕಾರ್ಯ ಇಂಗ್ಲಿಷರ ಆಡಳಿತಕ್ಕೆ ಒಳಪಟ್ಟ ದಕ್ಷಿಣ ಭಾರತದ ಮುದ್ರಣ ಚರಿತ್ರೆಯ ಮೊದಲ ಅಧ್ಯಾಯ. ಈತ ಕಸುಬಿನಿಂದ ಮುದ್ರಕನಲ್ಲ. ಆದರೂ ಅಚ್ಚಿನ ಯಂತ್ರ ಒಂದು ಭಾಷೆಗೆ ನಿಜವಾಗಿ ದಕ್ಕುವುದು ಆ ಭಾಷೆಯನ್ನು ದಿನವೂ ಆಡುವ, ತಿದ್ದುವ, ಅದರ ಮಾತುಗಳನ್ನು ಕೂಡಿಡುವ ಒಬ್ಬ ಮನುಷ್ಯ ಯಂತ್ರದ ಪಕ್ಕದಲ್ಲಿ ಕೂತಾಗ ಮಾತ್ರ ಎಂಬುದಕ್ಕೆ ಈತನ ಬದುಕಿಗಿಂತ ಒಳ್ಳೆಯ ನಿದರ್ಶನ ಈ ಭಾಗದಲ್ಲಿ ಸಿಗುವುದಿಲ್ಲ. ಕನ್ನಡದ ಆರಂಭಕಾಲದ ಕೆಲವು ಮುಖ್ಯ ಪುಸ್ತಕಗಳೂ ಮದರಾಸಿನಲ್ಲೇ ಅಚ್ಚಾದದ್ದರಿಂದ ಕನ್ನಡ ಓದುಗರಿಗೂ ಈ ಚರಿತ್ರೆ ಹೊರಗಿನದಲ್ಲ.

ಹಿನ್ನೆಲೆ

ಭಾರತಕ್ಕೆ ಅಚ್ಚಿನ ಯಂತ್ರ ಬಂದದ್ದು 1556ರಲ್ಲಿ, ಗೋವೆಗೆ. ತಮಿಳು ಲಿಪಿಯಲ್ಲಿ ಅಚ್ಚಾದ ಪುಸ್ತಕ 1578ರಷ್ಟು ಹಿಂದೆಯೇ ಕೊಲ್ಲಂನಲ್ಲಿ ಹೊರಬಂದಿತ್ತು. ಪೋರ್ಚುಗೀಸ್ ಪಾದ್ರಿಗಳ ಆ ಉತ್ಸಾಹ ಬೇಗ ತಣ್ಣಗಾಯಿತು. ಮುಂದೆ ನೂರು ವರ್ಷಕ್ಕೂ ಮೀರಿ ತಮಿಳುನಾಡು ಓಲೆಗರಿ, ಕಂಟಗಳ ಲೋಕವಾಗಿಯೇ ಉಳಿಯಿತು. ಮುದ್ರಣಕ್ಕೆ ಮತ್ತೆ ಜೀವ ಬಂದದ್ದು ಡೇನಿಷರ ವಸಾಹತಾದ ತರಂಗಂಬಾಡಿಯಲ್ಲಿ. ಅಲ್ಲಿನ ಲೂಥರನ್ ಪಾದ್ರಿ ಬಾರ್ಥೊಲೊಮೇವುಸ್ ಜೀಗನ್‌ಬಾಲ್ಗನಿಗಾಗಿ ಲಂಡನ್ನಿನ ಕ್ರೈಸ್ತ ಜ್ಞಾನ ಪ್ರಸಾರ ಸಂಘವಾದ ಎಸ್‌ಪಿಸಿಕೆ ಸಂಸ್ಥೆ ಒಂದು ಯಂತ್ರವನ್ನೂ ಯೊನಾಸ್ ಫಿಂಕ್ ಎಂಬ ಮುದ್ರಕನನ್ನೂ ಹಡಗು ಹತ್ತಿಸಿತು. ಆ ಹಡಗು ಬ್ರೆಜಿಲ್ ಕರಾವಳಿಯಲ್ಲಿ ಫ್ರೆಂಚರ ಕೈಗೆ ಸಿಕ್ಕಿತು. ಬಿಡಿಸಿಕೊಂಡು ಮುಂದೆ ಬರುವಾಗ ಫಿಂಕ್ ದಾರಿಯಲ್ಲೇ ತೀರಿಕೊಂಡ. ಯಂತ್ರ ಮಾತ್ರ 1712ರಲ್ಲಿ ದಡ ಸೇರಿತು. ಡೇನಿಷ್ ಕಂಪನಿಯ ಸೈನ್ಯದಲ್ಲಿದ್ದ ಶ್ಲೋರಿಕೆ ಎಂಬ ಜರ್ಮನ್ ಸಿಪಾಯಿಗೆ ಅಚ್ಚಿನ ಕೆಲಸ ಗೊತ್ತಿದೆಯೆಂದು ತಿಳಿದು ಅವನನ್ನೇ ಕೂರಿಸಿ ಕೆಲಸ ಶುರುಮಾಡಿದರು.

ಮರುವರ್ಷ ಜರ್ಮನಿಯ ಹಾಲೆಯಿಂದ ತಮಿಳು ಅಚ್ಚುಮೊಳೆಗಳು ಬಂದವು. ಅವು ತೀರ ದೊಡ್ಡವು, ಅವುಗಳಲ್ಲಿ ಜೋಡಿಸಿದರೆ ಪುಸ್ತಕ ಕಾಗದವನ್ನೇ ನುಂಗುತ್ತಿತ್ತು. ಆಡ್ಲರ್ ಎಂಬ ಮೊಳೆಗಾರ ಸ್ಥಳದಲ್ಲೇ ಸಣ್ಣ ಮೊಳೆ ಎರಕ ಹೊಯ್ದ ಮೇಲೆ 1714-15ರಲ್ಲಿ ತಮಿಳು ಹೊಸ ಒಡಂಬಡಿಕೆ ಅಚ್ಚಾಯಿತು. ಇದೇ ಕಾಲದಲ್ಲಿ, ಇಷ್ಟು ಹತ್ತಿರದಲ್ಲಿದ್ದ ಮದರಾಸಿನಲ್ಲಿ ಅಚ್ಚಿನ ಯಂತ್ರವೇ ಇರಲಿಲ್ಲ. ಅಲ್ಲಿದ್ದ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರಿಗಳಿಗೆ ಅದರ ಅಗತ್ಯ ಕಂಡಿರಲಿಲ್ಲ. ಲೆಕ್ಕಪತ್ರ, ಅಪ್ಪಣೆ, ಪತ್ರವ್ಯವಹಾರ ಎಲ್ಲವೂ ಕೈಬರಹದಲ್ಲೇ ನಡೆಯುತ್ತಿತ್ತು.

ಜೀವನ

ಫ್ಯಾಬ್ರಿಸಿಯಸ್ ಹುಟ್ಟಿದ್ದು 1711ರ ಜನವರಿ 22ರಂದು, ಜರ್ಮನಿಯ ಫ್ರಾಂಕ್‌ಫರ್ಟ್ ಬಳಿಯ ಕ್ಲೇಬರ್ಗ್‌ನಲ್ಲಿ. ಮೊದಲು ಕಾನೂನು ಓದಿದ. ಆಮೇಲೆ ಅದನ್ನು ಬಿಟ್ಟು ಹಾಲೆಗೆ ಹೋಗಿ ಧರ್ಮಶಾಸ್ತ್ರ ಕಲಿತ. 1740ರಲ್ಲಿ ತರಂಗಂಬಾಡಿಗೆ ಬಂದು, ಎರಡು ವರ್ಷ ತಮಿಳು ಕಲಿತು, 1742ರ ಕೊನೆಗೆ ಮದರಾಸಿಗೆ ಬಂದ. ಅಲ್ಲಿ 1728ರಲ್ಲಿ ಮಿಷನ್ ಸ್ಥಾಪಿಸಿದ್ದ ಬೆಂಜಮಿನ್ ಶುಲ್ಟ್ಸ್ ಊರಿಗೆ ಮರಳುವ ಹೊತ್ತು ಅದು. ಶುಲ್ಟ್ಸ್ ಬಿಟ್ಟುಹೋದ ಹೊಣೆ ಮೂವತ್ತೊಂದರ ಈ ಯುವಕನ ಹೆಗಲಿಗೆ ಬಿತ್ತು. ಮುಂದಿನ ನಲವತ್ತೆಂಟು ವರ್ಷ, ಸಾಯುವವರೆಗೂ, ಈತ ಮದರಾಸಿನ ಮಿಷನ್ನನ್ನು ಬಿಡಲಿಲ್ಲ. ಮದುವೆಯಾಗಲಿಲ್ಲ, ಯುರೋಪಿಗೆ ಹಿಂದಿರುಗಲೂ ಇಲ್ಲ.

ಆ ನಲವತ್ತೆಂಟು ವರ್ಷಗಳಲ್ಲಿ ನೆಮ್ಮದಿಯ ದಿನಗಳು ಕಡಿಮೆ. 1746ರಲ್ಲಿ ಫ್ರೆಂಚರು ಮದರಾಸನ್ನು ಹಿಡಿದಾಗ ಮಿಷನ್ನಿನ ಕಟ್ಟಡಗಳು ನೆಲಸಮವಾದವು. ಫ್ಯಾಬ್ರಿಸಿಯಸ್ ಉತ್ತರಕ್ಕಿದ್ದ ಡಚ್ಚರ ಪಳವೇರ್ಕಾಡಿಗೆ ಹೋಗಿ ಆಶ್ರಯ ಪಡೆದ. ಯುರೋಪಿನಲ್ಲಿ ಒಪ್ಪಂದವಾಗಿ 1749ರಲ್ಲಿ ಪಟ್ಟಣ ಇಂಗ್ಲಿಷರಿಗೆ ಮರಳಿತು. ಕೆಥೊಲಿಕರು ಫ್ರೆಂಚರಿಗೆ ನೆರವಾದರೆಂಬ ಸಂಶಯದಿಂದ ಕಂಪನಿ ಅವರ ಕೆಲವು ಆಸ್ತಿಗಳನ್ನು ಕಿತ್ತುಕೊಂಡಿತ್ತು. 1750ರ ದಶಕದ ಆರಂಭದಲ್ಲಿ ವೇಪೇರಿಯ ಚರ್ಚನ್ನೂ ಜಾಗವನ್ನೂ ಮಿಷನ್ನಿಗೆ ಕೊಟ್ಟಿತು. ಹೀಗೆ ಇನ್ನೊಬ್ಬರಿಂದ ಕಸಿದದ್ದರ ಮೇಲೆ ವೇಪೇರಿ ಮಿಷನ್ ನಿಂತಿತು ಎಂಬುದನ್ನು ಮರೆಯಬಾರದು. ಮುಂದೆ ಅಲ್ಲಿಗೆ ಬಂದ ಯಂತ್ರವೂ ಅಂಥದ್ದೇ.

ವೇಪೇರಿ ಆಗ ಕೋಟೆಯಿಂದ ದೂರದ, ಗೋಡೆಯಿಲ್ಲದ ಬಯಲು ಊರು. ಯಾವ ಸೈನ್ಯ ಮದರಾಸಿನ ಮೇಲೆ ಬಂದರೂ ಮೊದಲ ಪೆಟ್ಟು ಅದಕ್ಕೆ. 1758ರ ಡಿಸೆಂಬರಿನಲ್ಲಿ ಫ್ರೆಂಚ್ ಸೇನಾಪತಿ ಲಾಲಿ ಮುತ್ತಿಗೆ ಹಾಕಿದಾಗ ಮಿಷನ್ ಮನೆ ಲೂಟಿಯಾಯಿತು, ಫ್ಯಾಬ್ರಿಸಿಯಸ್ ಮತ್ತೆ ಪಳವೇರ್ಕಾಡಿನ ದಾರಿ ಹಿಡಿದ. ಎರಡು ವರ್ಷ ಕಳೆಯುವುದರಲ್ಲಿ ಗಾಳಿ ತಿರುಗಿತು. 1761ರ ಜನವರಿಯಲ್ಲಿ ಇಂಗ್ಲಿಷ್ ಸೇನಾಪತಿ ಐರ್ ಕೂಟ್ ಫ್ರೆಂಚರ ಪುದುಚೇರಿಯನ್ನು ಗೆದ್ದ.

ಯಂತ್ರ ಬಂದ ಬಗೆ

ಪುದುಚೇರಿಯ ಗವರ್ನರರ ಅರಮನೆಯಲ್ಲಿ ಇಂಗ್ಲಿಷರಿಗೆ ಸಿಕ್ಕ ಸೊತ್ತುಗಳಲ್ಲಿ ಒಂದು ಅಚ್ಚಿನ ಯಂತ್ರ ಮತ್ತು ಮೊಳೆಗಳಿದ್ದವು. ಯಂತ್ರದ ಜೊತೆಗೆ ಡೆಲಾನ್ ಎಂಬ ಮುದ್ರಕನೂ ಸಿಕ್ಕಿದ. ಎಲ್ಲವನ್ನೂ ಮದರಾಸಿಗೆ ತಂದರು. ತಂದ ಮೇಲೆ ಏನು ಮಾಡುವುದು? ಜಾರ್ಜ್ ಪಿಗಟ್ ಗವರ್ನರನಾಗಿದ್ದ ಮದರಾಸಿನ ಸರಕಾರದ ಬಳಿ ಅದನ್ನು ನಡೆಸುವವರಿರಲಿಲ್ಲ. ವೇಪೇರಿಯ ಪಾದ್ರಿಗಳಿಗೆ ಮುದ್ರಣದ ಅಗತ್ಯವೂ ಇತ್ತು, ತರಂಗಂಬಾಡಿಯ ಐವತ್ತು ವರ್ಷಗಳ ಅನುಭವದ ಬೆಂಬಲವೂ ಇತ್ತು. ಸರಕಾರದ ಕೆಲಸ ಬಂದಾಗ ಅದನ್ನು ಮೊದಲು ಮಾಡಿಕೊಡಬೇಕು, ಉಳಿದ ಹೊತ್ತಿನಲ್ಲಿ ನಿಮ್ಮ ಪುಸ್ತಕ ಅಚ್ಚು ಹಾಕಿಕೊಳ್ಳಿ ಎಂಬ ಷರತ್ತಿನ ಮೇಲೆ ಯಂತ್ರವನ್ನು ಫ್ಯಾಬ್ರಿಸಿಯಸ್‌ಗೆ ಒಪ್ಪಿಸಲಾಯಿತು.

ಈ ಷರತ್ತು ಸಣ್ಣದೆಂದು ಕಾಣುತ್ತದೆ. ವಸಾಹತು ಕಾಲದ ಮುದ್ರಣದ ಸ್ವಭಾವವೆಲ್ಲ ಅದರಲ್ಲಿದೆ. ಆಳುವವರ ಕಾಗದ ಮೊದಲು, ಆಳಿಸಿಕೊಳ್ಳುವವರ ಭಾಷೆ ಆಮೇಲೆ. ಹಾಗಿದ್ದೂ ಸರಕಾರಕ್ಕಾಗಿ ಅಚ್ಚಾದ ಬಿಡಿ ಹಾಳೆಗಳನ್ನು ಇಂದು ವಿದ್ವಾಂಸರಲ್ಲದೆ ಬೇರೆಯವರು ಕೇಳುವುದಿಲ್ಲ. ಬಿಡುವಿನ ವೇಳೆಯಲ್ಲಿ ಅಚ್ಚಾದ ತಮಿಳು ನಿಘಂಟು ಇಪ್ಪತ್ತನೆಯ ಶತಮಾನದಲ್ಲೂ ಮರುಮುದ್ರಣ ಕಂಡಿತು.

ಕೈಯಚ್ಚಿನ ಕೆಲಸ

ಆ ಕಾಲದ ಯಂತ್ರವೆಂದರೆ ಮರದ ಕೈಯಚ್ಚು. ಹಿಂದಿನ ಸಂಜೆಯೇ ಕಾಗದವನ್ನು ನೀರು ಮುಟ್ಟಿಸಿ ಅಡಕಿ ಇಡಬೇಕು, ಒಣ ಕಾಗದ ಶಾಯಿಯನ್ನು ಸರಿಯಾಗಿ ಹೀರುವುದಿಲ್ಲ. ಮೊಳೆ ಜೋಡಿಸುವವನು ಖಾನೆಗಳಿಂದ ಒಂದೊಂದೇ ಅಕ್ಷರ ಎತ್ತಿ ಎಡದಿಂದ ಬಲಕ್ಕೆ, ತಲೆಕೆಳಗಾಗಿ, ಕನ್ನಡಿಯಲ್ಲಿ ಕಾಣುವಂಥ ತಿರುವುಮುರುವು ಅಕ್ಷರಗಳ ಸಾಲನ್ನು ಕಟ್ಟುತ್ತಾನೆ. ಪುಟಗಳನ್ನು ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದು ಯಂತ್ರದ ಹಾಸಿನ ಮೇಲಿಡುತ್ತಾರೆ. ಒಬ್ಬ ಉಣ್ಣೆ ತುಂಬಿದ ಚರ್ಮದ ಉಂಡೆಗಳಿಂದ ಶಾಯಿ ಬಡಿಯುತ್ತಾನೆ, ಇನ್ನೊಬ್ಬ ಕಾಗದ ಹಾಸಿ, ಹಾಸನ್ನು ಒಳಗೆ ತಳ್ಳಿ, ಸನ್ನೆಗೋಲನ್ನು ಮೈಭಾರ ಬಿಟ್ಟು ಎಳೆಯುತ್ತಾನೆ. ಒದ್ದೆ ಹಾಳೆಗಳನ್ನು ಹಗ್ಗಕ್ಕೆ ನೇತುಹಾಕಿ ಒಣಗಿಸಬೇಕು. ಮದರಾಸಿನ ಐಪ್ಪಸಿ ತಿಂಗಳ (ಅಕ್ಟೋಬರ್-ನವೆಂಬರ್) ಮಳೆಯಲ್ಲಿ ಅದೇ ಒಂದು ದೊಡ್ಡ ಕೆಲಸ.

ಮೊಳೆಗಳು ಎಣಿಸಿದಷ್ಟೇ ಇರುತ್ತಿದ್ದ ಕಾರಣ ಇಡೀ ಪುಸ್ತಕವನ್ನು ಜೋಡಿಸಿಟ್ಟುಕೊಳ್ಳುವಂತಿರಲಿಲ್ಲ. ಒಂದು ಫಾರಂ, ಎಂದರೆ ಚೌಕಟ್ಟಿನಲ್ಲಿ ಬಿಗಿದ ಪುಟಗಳ ಗುಂಪು, ಅಚ್ಚಾದ ಕೂಡಲೆ ಅದನ್ನು ಕಳಚಿ, ಮೊಳೆಗಳನ್ನು ಖಾನೆಗಳಿಗೆ ಹಂಚಿ, ಮುಂದಿನದನ್ನು ಜೋಡಿಸಬೇಕು. ಆದ್ದರಿಂದ ಕರಡು ತಿದ್ದುವವನು ಅಲ್ಲೇ ಹತ್ತಿರ ಇರಬೇಕು, ಅವತ್ತಿನದನ್ನು ಅವತ್ತೇ ನೋಡಿ ಮುಗಿಸಬೇಕು. ಯಂತ್ರ ನಡೆಯುವುದು ಮಿಷನ್ ಆವರಣದಲ್ಲಿ, ತಿದ್ದುವ ಪಂಡಿತನೂ ಅಲ್ಲೇ ಇದ್ದಾನೆ ಎಂಬುದರಿಂದ ವೇಪೇರಿಯ ಪುಸ್ತಕಗಳಿಗೆ ದೊರೆತ ಅನುಕೂಲ ಇದು. ಮೂಲಪ್ರತಿ ಲಂಡನ್ನಿಗೋ ಹಾಲೆಗೋ ಹೋಗಿ, ತಮಿಳು ತಿಳಿಯದವರ ಕೈಯಲ್ಲಿ ಜೋಡಣೆಯಾಗಿ, ಹಡಗಿನಲ್ಲಿ ಮರಳಿ ಬರುವ ಪುಸ್ತಕಕ್ಕೂ ಇದಕ್ಕೂ ತುಂಬ ಅಂತರ.

ಸನ್ನೆಗೋಲು ಎಳೆದವರು, ಮೊಳೆ ಹೆಕ್ಕಿದವರು, ಅಕ್ಷರದ ತಿರುವು ಸರಿಯಿಲ್ಲವೆಂದು ಹೇಳಿಕೊಟ್ಟ ತಮಿಳರ ಹೆಸರುಗಳು ಶೀರ್ಷಿಕೆಯ ಪುಟಗಳಲ್ಲಿ ಬರುವುದಿಲ್ಲ. ಮದರಾಸಿನ ಮುದ್ರಣ ಚರಿತ್ರೆ ಬರೆಯುವವರೆಲ್ಲ ಪಾದ್ರಿಗಳ ಪತ್ರಗಳನ್ನೇ ಆಶ್ರಯಿಸಿರುವುದರಿಂದ ಈ ಕೊರತೆ ಇಂದಿಗೂ ತುಂಬಿಲ್ಲ. ತಮಿಳು ಅಚ್ಚಕ್ಷರ ತಲೆಮಾರಿನಿಂದ ತಲೆಮಾರಿಗೆ ಚಿಕ್ಕದಾಗಿ, ಸ್ಫುಟವಾಗಿ, ಓದಲು ಹಿತವಾಗಿ ಬೆಳೆದುದರಲ್ಲಿ ಅವರ ಕಣ್ಣು ಮತ್ತು ಕೈಗಳ ಪಾಲು ದೊಡ್ಡದು.

ಕೃತಿಗಳು

ಫ್ಯಾಬ್ರಿಸಿಯಸ್ ಮದರಾಸಿಗೆ ಬಂದಾಗಲೇ ತಮಿಳು ಬೈಬಲ್ ಇತ್ತು. ಜೀಗನ್‌ಬಾಲ್ಗ್ ಶುರುಮಾಡಿದ್ದನ್ನು ಶುಲ್ಟ್ಸ್ ಮುಗಿಸಿದ್ದ. ಆದರೆ ಅದರ ತಮಿಳು ಕೇಳುವವರ ಕಿವಿಗೆ ಒರಟಾಗಿತ್ತು. ಫ್ಯಾಬ್ರಿಸಿಯಸ್ ಮೂಲಭಾಷೆಗಳನ್ನು ಎದುರಿಟ್ಟುಕೊಂಡು ಮೊದಲಿಂದ ತಿದ್ದತೊಡಗಿದ. ಬರೆದದ್ದನ್ನು ತಮಿಳರ ಮುಂದೆ ಗಟ್ಟಿಯಾಗಿ ಓದಿಸಿ, ಪಂಡಿತರಿಗೆ ಒಪ್ಪಿಗೆಯಾಗುತ್ತದೆಯೇ, ಓದುಬಾರದವರಿಗೆ ಅರ್ಥವಾಗುತ್ತದೆಯೇ ಎಂದು ನೋಡಿ ಮತ್ತೆ ತಿದ್ದುತ್ತಿದ್ದ. ಎರಡು ಬಗೆಯ ಕೇಳುಗರನ್ನೂ ಒಟ್ಟಿಗೆ ತೃಪ್ತಿಪಡಿಸಬೇಕೆಂಬ ಈ ಹಟ ದಶಕಗಳನ್ನು ತಿಂದಿತು. ಹೊಸ ಒಡಂಬಡಿಕೆ 1772ರಲ್ಲಿ ವೇಪೇರಿಯಲ್ಲಿ ಅಚ್ಚಾಯಿತು. ಹಳೆಯ ಒಡಂಬಡಿಕೆ ಭಾಗಭಾಗವಾಗಿ 1777ರಿಂದ ಹೊರಬರುತ್ತ ಹೋಗಿ 1796ರಲ್ಲಿ, ಈತ ಸತ್ತ ಐದು ವರ್ಷಗಳ ಮೇಲೆ, ಪೂರ್ತಿಯಾಯಿತು. 1871ರ ಹೊಸ ಅನುವಾದ ಬಂದ ನಂತರವೂ ತಮಿಳು ಲೂಥರನ್ನರು ಫ್ಯಾಬ್ರಿಸಿಯಸನ ಪಾಠವನ್ನು ಸುಲಭವಾಗಿ ಬಿಟ್ಟುಕೊಡಲಿಲ್ಲ. ಈತ ತಮಿಳಿಗೆ ತಂದ ಜರ್ಮನ್ ಸ್ತುತಿಗೀತೆಗಳೂ ಅವರ ಚರ್ಚುಗಳಲ್ಲಿ ಉಳಿದುಕೊಂಡವು.

ಆದರೂ ಧರ್ಮದ ಗಡಿ ದಾಟಿ ಎಲ್ಲರಿಗೂ ಬೇಕಾದ ಪುಸ್ತಕ ಈತನ ನಿಘಂಟೇ. 1778ರಲ್ಲಿ ಇಂಗ್ಲಿಷರಿಗಾಗಿ ಒಂದು ತಮಿಳು ವ್ಯಾಕರಣ, 1779ರಲ್ಲಿ ತಮಿಳು-ಇಂಗ್ಲಿಷ್ ನಿಘಂಟು, 1786ರಲ್ಲಿ ಇಂಗ್ಲಿಷ್-ತಮಿಳು ನಿಘಂಟು ಹೀಗೆ ಮೂರೂ ಒಂದರ ಹಿಂದೊಂದು ಬಂದವು. ನಿಘಂಟಿನ ಕೆಲಸದಲ್ಲಿ ಸಹೋದ್ಯೋಗಿ ಯೊಹಾನ್ ಕ್ರಿಶ್ಚಿಯನ್ ಬ್ರೈಟ್‌ಹೌಪ್ಟ್ ಜೊತೆಯಾಗಿದ್ದ. ಆಗಿನ ಯುರೋಪಿಯನ್ನರು ತಮಿಳನ್ನು 'ಮಲಬಾರ್ ಭಾಷೆ' ಎನ್ನುತ್ತಿದ್ದುದರಿಂದ ಪುಸ್ತಕಗಳ ಶೀರ್ಷಿಕೆಯಲ್ಲೂ ಅದೇ ಹೆಸರಿದೆ. ಜರ್ಮನ್ ಮನೆಮಾತಿನ ಇಬ್ಬರು ತಮಿಳಿನ ಮಾತುಗಳಿಗೆ ಇಂಗ್ಲಿಷಿನಲ್ಲಿ ಅರ್ಥ ಬರೆದರು. ಎರಡು ಭಾಷೆಗಳಲ್ಲಿ ಒಂದೂ ಅವರದಲ್ಲ. ಹಾಗೆ ನೋಡಿದರೆ ಅವರ ಸಾಧನೆಯ ಬಗ್ಗೆ ಗೌರವ ಇನ್ನೂ ಹೆಚ್ಚುತ್ತದೆ.

ತಮಿಳಿಗೆ ನಿಘಂಟು ಹೊಸದೇನೂ ಅಲ್ಲ. ಪದ್ಯರೂಪದ ನಿಘಂಟುಗಳನ್ನು ಬಾಯಿಪಾಠ ಮಾಡುವ ಸಂಪ್ರದಾಯ ಕನ್ನಡದಂತೆ ಅಲ್ಲೂ ಹಳೆಯದು. ಇಟಲಿಯ ಜೆಸ್ಯುಟ್ ಪಾದ್ರಿ ಬೆಸ್ಕಿ 1732ರಲ್ಲೇ ಅಕಾರಾದಿಯಾಗಿ 'ಚದುರಗರಾದಿ'ಯನ್ನು ಬರೆದಿದ್ದ. ಆದರೆ ಅದು ಕೈಬರಹದ ಪ್ರತಿಗಳಲ್ಲೇ ಓಡಾಡುತ್ತಿತ್ತು. ಫ್ಯಾಬ್ರಿಸಿಯಸನ ನಿಘಂಟಿನಲ್ಲಿ ಸುಮಾರು ಒಂಬತ್ತು ಸಾವಿರ ಪದಗಳಿವೆ. ಒಂದು ಮೂಲಪದ, ಅದರ ಕೆಳಗೆ ಅದರಿಂದ ಹುಟ್ಟಿದ ರೂಪಗಳು, ಜೊತೆಗೆ ಜನರ ಬಾಯಲ್ಲಿ ಅದು ಬಳಕೆಯಾಗುವ ನುಡಿಗಟ್ಟುಗಳು. ಪದಕ್ಕೆ ಎದುರು ಪದ ಕೊಟ್ಟು ಸುಮ್ಮನಾಗದೆ ಮಾತು ಹೇಗೆ ಆಡುತ್ತಾರೆಂದು ತೋರಿಸುವ ಈ ಕ್ರಮದಿಂದಲೇ ಪುಸ್ತಕ ಹಳತಾಗಲಿಲ್ಲ. ತರಂಗಂಬಾಡಿಯ ಮಿಷನ್ ಅದನ್ನು ಹಿಗ್ಗಿಸಿ 1897ರಲ್ಲಿ ಹೊರತಂದಿತು. ನಾಲ್ಕನೆಯ ಆವೃತ್ತಿ ಬಂದದ್ದು 1972ರಲ್ಲಿ. ಈಗ ಅದು ಅಂತರ್ಜಾಲದಲ್ಲೂ ಹುಡುಕಲು ಸಿಗುತ್ತದೆ.

ಮೈಸೂರಿನ ಕುದುರೆಗಳು

ಈ ಪುಸ್ತಕಗಳು ಅಚ್ಚಾದ ವರ್ಷಗಳನ್ನು ಮೈಸೂರಿನ ಚರಿತ್ರೆಯ ಪಕ್ಕದಲ್ಲಿಟ್ಟು ನೋಡಬೇಕು. 1767ರಲ್ಲಿ ಹದಿಹರೆಯದ ಟಿಪ್ಪುವಿನ ಕುದುರೆಪಡೆ ಮದರಾಸಿನ ಹೊರವಲಯದ ತೋಟದಮನೆಗಳವರೆಗೆ ಬಂತು. 1769ರ ಮಾರ್ಚಿನಲ್ಲಿ ಹೈದರಲಿ ಸ್ವತಃ ಪರಂಗಿಮಲೆಯ (ಸೇಂಟ್ ಥಾಮಸ್ ಮೌಂಟ್) ಬಳಿ ಬಂದು ನಿಂತು, ಕಂಪನಿಯ ಅಧಿಕಾರಿಗಳನ್ನು ಸಂಧಿಗೆ ಕೂರಿಸಿದ. ಮತ್ತೆ 1780ರಲ್ಲಿ ಆತ ಘಟ್ಟ ಇಳಿದಾಗ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕಂಪನಿಯ ಸೇನಾಧಿಕಾರಿ ಬೇಯ್ಲಿಯ ಸೇನೆ ನಾಶವಾಯಿತು. ಸುತ್ತಲ ಹಳ್ಳಿಗಳ ಜನ ಮದರಾಸಿಗೆ ಹರಿದುಬಂದರು, ಬೆನ್ನಿಗೇ ಕ್ಷಾಮ ಬಂತು. ನಿಘಂಟು ಹೊರಬಂದು ಆಗಿನ್ನೂ ಒಂದು ವರ್ಷ. ಕನ್ನಡನಾಡಿನ ಓದುಗನಿಗೆ ಹೈದರನ ಈ ದಂಡಯಾತ್ರೆ ಶೌರ್ಯದ ಕಥೆ. ವೇಪೇರಿಯ ಬಯಲಿನಲ್ಲಿ ಮೊಳೆ ಜೋಡಿಸುತ್ತಿದ್ದವನಿಗೆ ಅದು ಅಕ್ಕಿಯ ಬೆಲೆಯ, ಮನೆಮಠದ ಪ್ರಶ್ನೆ. ಎರಡೂ ನಿಜ.

ಕೊನೆಯ ವರ್ಷಗಳು

ಫ್ಯಾಬ್ರಿಸಿಯಸ್‌ಗೆ ಹಣದ ವ್ಯವಹಾರ ತಿಳಿಯುತ್ತಿರಲಿಲ್ಲ. ತನ್ನ ಖರ್ಚನ್ನು ಬಿಗಿಹಿಡಿದು ಬದುಕುತ್ತಿದ್ದ ಈತನ ಬಳಿ ಮಿಷನ್ನಿನ ಹಣದ ಜೊತೆಗೆ ಜನ ನಂಬಿ ಇಟ್ಟ ಹಣವೂ ಇರುತ್ತಿತ್ತು. ಬಡ್ಡಿಯ ಆಸೆ ತೋರಿಸಿದವರ ಮಾತು ನಂಬಿ ಅದನ್ನು ಸಾಲ ಕೊಟ್ಟ. ಸಾಲ ಮರಳಲಿಲ್ಲ, ಇಟ್ಟವರು ಕೇಳತೊಡಗಿದರು. ಆರ್ಕಾಟಿನ ನವಾಬನ ಸಾಲದ ಸುಳಿಯಲ್ಲಿ ಇಡೀ ಮದರಾಸೇ ಸಿಕ್ಕಿಕೊಂಡಿದ್ದ ಕಾಲ ಅದು. ದೊಡ್ಡವರು ಪಾರಾದರು, ಮುದುಕ ಪಾದ್ರಿ ಸಾಲಗಾರರ ಸೆರೆಮನೆ ಸೇರಿದ. ಅಚ್ಚಾದ ಮೊದಲ ತಮಿಳು-ಇಂಗ್ಲಿಷ್ ನಿಘಂಟು ಕೊಟ್ಟವನು ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಸಾಲಕ್ಕಾಗಿ ಜೈಲು ಕಂಡದ್ದು ಮನಸ್ಸು ಕಲಕುವ ಸಂಗತಿ. ಇದರಲ್ಲಿ ಆತನ ತಪ್ಪೂ ಇದೆ, ನಂಬಿ ಹಣ ಇಟ್ಟವರಲ್ಲಿ ಬಡವರೂ ಇದ್ದರು. ಆದರೆ ಸ್ವಂತಕ್ಕೆಂದು ಬಿಡಿಗಾಸು ತೆಗೆದನೆಂದು ಯಾರೂ ದೂರಲಿಲ್ಲ. 1788ರಲ್ಲಿ ಮಿಷನ್ನಿನ ಆಡಳಿತವನ್ನು ಕ್ರಿಶ್ಚಿಯನ್ ವಿಲ್ಹೆಲ್ಮ್ ಗೆರಿಕೆ ವಹಿಸಿಕೊಂಡ. ಎಂಬತ್ತು ತುಂಬಿದ ಮರುದಿನ, 1791ರ ಜನವರಿ 23ರಂದು, ಫ್ಯಾಬ್ರಿಸಿಯಸ್ ಮದರಾಸಿನಲ್ಲೇ ತೀರಿಕೊಂಡ. ವೇಪೇರಿಯ ನೆರೆಯ ಪುರಸವಾಕ್ಕಂನಲ್ಲಿ ಒಂದು ಪ್ರೌಢಶಾಲೆ ಈತನ ಹೆಸರಿನಲ್ಲಿದೆ.

ಮದರಾಸಿನ ಮುದ್ರಣ ಮತ್ತು ಕನ್ನಡ

ಫ್ಯಾಬ್ರಿಸಿಯಸ್ ಬದುಕಿದ್ದಾಗಲೇ ಮದರಾಸಿನಲ್ಲಿ ಬೇರೆ ಬಗೆಯ ಮುದ್ರಕರು ಕಾಣಿಸಿಕೊಂಡರು. ಸರಕಾರಿ ಮುದ್ರಕ ರಿಚರ್ಡ್ ಜಾನ್ಸ್‌ಟನ್ 1785ರ ಅಕ್ಟೋಬರ್ 12ರಂದು 'ಮದ್ರಾಸ್ ಕೊರಿಯರ್' ಪತ್ರಿಕೆ ಆರಂಭಿಸಿದ. 1795ರಲ್ಲಿ 'ಮದ್ರಾಸ್ ಗೆಜೆಟ್' ಬಂತು. ಅದೇ ವರ್ಷ ಅಪ್ಪಣೆಯಿಲ್ಲದೆ 'ಇಂಡಿಯಾ ಹೆರಾಲ್ಡ್' ಹೊರಡಿಸಿದ ಹಂಫ್ರೀಸ್ ಎಂಬವನನ್ನು ಸರಕಾರ ಹಿಡಿಯಿತು. ಇವೆಲ್ಲ ಇಂಗ್ಲಿಷರು ಇಂಗ್ಲಿಷರಿಗಾಗಿ ನಡೆಸಿದ ಪತ್ರಿಕೆಗಳು. ದೇಶಭಾಷೆಗಳ ಮುದ್ರಣಕ್ಕೆ ಮತ್ತೆ ಬಲ ಬಂದದ್ದು 1812ರಲ್ಲಿ ಕಂಪನಿಯ ಅಧಿಕಾರಿ ಎಫ್. ಡಬ್ಲ್ಯು. ಎಲ್ಲಿಸ್‌ನ ಮುತುವರ್ಜಿಯಿಂದ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಆರಂಭವಾಗಿ, ಅದಕ್ಕೆ ಸ್ವಂತ ಅಚ್ಚುಕೂಟ ದೊರೆತಾಗ. ತೆಲುಗು ವ್ಯಾಕರಣಕ್ಕೆ ಮುನ್ನುಡಿಯಾಗಿ, ದಕ್ಷಿಣದ ಭಾಷೆಗಳು ಒಂದೇ ಕುಲದವು, ಸಂಸ್ಕೃತದಿಂದ ಹುಟ್ಟಿದವಲ್ಲ ಎಂದು ಎಲ್ಲಿಸ್ ಬರೆದ ಪ್ರಬಂಧ ಅಲ್ಲಿ 1816ರಲ್ಲಿ ಅಚ್ಚಾಯಿತು.

ಕನ್ನಡ ಮದರಾಸಿನ ಅಚ್ಚು ಕಂಡದ್ದು ಈ ಹಂತದಲ್ಲಿ. ಅದಕ್ಕೆ ಮೊದಲು 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ದೂರದ ಬಂಗಾಳದ ಶ್ರೀರಾಮಪುರದಲ್ಲಿ ಹೊರಬಂದಿತ್ತು. 1820ರಲ್ಲಿ ಮದರಾಸು ಸರಕಾರದ ಅಧಿಕಾರಿ ಜಾನ್ ಮೆಕೆರೆಲ್‌ನ ಕನ್ನಡ ವ್ಯಾಕರಣ ಮದರಾಸಿನಲ್ಲಿ ಅಚ್ಚಾಯಿತು. ಬಳ್ಳಾರಿಯಲ್ಲಿದ್ದ ಪಾದ್ರಿ ವಿಲಿಯಂ ರೀವ್‌ನ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ, ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಮದರಾಸಿನಿಂದಲೇ ಬಂದವು. ಶ್ರೀರಂಗಪಟ್ಟಣದ ಕೃಷ್ಣಮಾಚಾರ್ಯರು ಕನ್ನಡದಲ್ಲೇ ಬರೆದ ವ್ಯಾಕರಣ 'ಹೊಸಗನ್ನಡ ನುಡಿಗನ್ನಡಿ' 1838ರಲ್ಲಿ ಅಲ್ಲಿ ಪ್ರಕಟವಾಯಿತು. ಹೊರಗಿನವರಿಗೆ ಭಾಷೆ ಕಲಿಸುವ ಪುಸ್ತಕಗಳ ನಡುವೆ, ಕನ್ನಡಿಗನೊಬ್ಬ ತನ್ನ ನುಡಿಯ ವ್ಯಾಕರಣವನ್ನು ತನ್ನ ನುಡಿಯಲ್ಲೇ ಅಚ್ಚು ಹಾಕಿಸಿದ ಈ ಪುಸ್ತಕಕ್ಕೆ ವಿಶೇಷ ಸ್ಥಾನವಿದೆ.

ತಮಿಳಿಗಿಂತ ಇಷ್ಟು ತಡವಾಗಿ ಕನ್ನಡ ಅಚ್ಚಿಗೆ ಬಂದದ್ದಕ್ಕೆ ಲಿಪಿಯೂ ಒಂದು ಕಾರಣ. ಹದಿನೆಂಟು ವ್ಯಂಜನಗಳ ತಮಿಳಿನಲ್ಲಿ ಅಕ್ಷರಗಳು ಸಾಲಾಗಿ ನಿಲ್ಲುತ್ತವೆ, ಒತ್ತಕ್ಷರದ ಗೋಜಿಲ್ಲ. ಕನ್ನಡದಲ್ಲಿ ಅಕ್ಷರದ ತಲೆಕಟ್ಟಿಗೆ ಗುಣಿತ ಸೇರುತ್ತದೆ, ಕಾಲಿಗೆ ಒತ್ತು ಬೀಳುತ್ತದೆ. 'ಸ್ತ್ರೀ' ಎಂಬ ಒಂದಕ್ಷರಕ್ಕೆ ಸಕಾರ, ಅದರ ಕೆಳಗೆ ತಕಾರದ ಒತ್ತು, ರೇಫದ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ ಎಲ್ಲವೂ ಒಂದೇ ಜಾಗದಲ್ಲಿ ಹೊಂದಬೇಕು. ಸೀಸದ ಮೊಳೆಯಲ್ಲಿ ಇದನ್ನು ಸಾಧಿಸಲು ಮೊಳೆಗಳ ಸಂಖ್ಯೆ ಹಲವು ಪಟ್ಟು ಹೆಚ್ಚಬೇಕು, ಸಾಲುಗಳ ನಡುವೆ ಜಾಗ ಬಿಡಬೇಕು. 1843ರಲ್ಲಿ ಹೆರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರತಂದುದು ಸುಮ್ಮನೆ ಅಲ್ಲ. ಕೈಯಲ್ಲಿ ಬರೆದದ್ದು ಹಾಗೆಯೇ ಕಲ್ಲಿಗೆ ಇಳಿಯುವ ಆ ವಿಧಾನದಲ್ಲಿ ಒತ್ತಕ್ಷರದ ಕಷ್ಟವೇ ಇರಲಿಲ್ಲ.

ವೇಪೇರಿ ಅಚ್ಚುಕೂಟದ ಮುಂದಿನ ಕಥೆ

ಹತ್ತೊಂಬತ್ತನೆಯ ಶತಮಾನದಲ್ಲಿ ವೇಪೇರಿಯ ಮುದ್ರಣ ತಮಿಳು, ತೆಲುಗು ಎರಡಕ್ಕೂ ಒದಗಿತು. ಪಾದ್ರಿ ರೋಟ್ಲರನ ತಮಿಳು ನಿಘಂಟು 1834ರಿಂದ ಸಂಪುಟಗಳಾಗಿ ಅಲ್ಲಿ ಅಚ್ಚಾಯಿತು, ಕಂಪನಿಯ ಅಧಿಕಾರಿ ಸಿ. ಪಿ. ಬ್ರೌನನ ತೆಲುಗು-ಇಂಗ್ಲಿಷ್ ನಿಘಂಟು 1852ರಲ್ಲಿ ಹೊರಬಂತು. ಅಷ್ಟರಲ್ಲಿ ಮದರಾಸಿಗೆ ಕಸುಬಿನ ಮುದ್ರಕನೊಬ್ಬ ಬಂದಿದ್ದ. ಅಮೆರಿಕದ ವರ್ಮಾಂಟಿನವನಾದ ಫಿನಿಯಾಸ್ ಹಂಟ್ 1840ರಲ್ಲಿ ಬಂದು ಅಮೆರಿಕನ್ ಮಿಷನ್ ಅಚ್ಚುಕೂಟವನ್ನು ಇಪ್ಪತ್ತಾರು ವರ್ಷ ನಡೆಸಿದ. ತಮಿಳು ಮೊಳೆಗಳನ್ನು ಇನ್ನೂ ಸಣ್ಣದಾಗಿ, ಅಂದವಾಗಿ ಮಾಡಿಸಿದ ಕೀರ್ತಿ ಈತನದು. ಅಮೆರಿಕನ್ ಪಾದ್ರಿ ಮೈರನ್ ವಿನ್ಸ್ಲೋನ ದೊಡ್ಡ ತಮಿಳು-ಇಂಗ್ಲಿಷ್ ನಿಘಂಟು 1862ರಲ್ಲಿ ಹಂಟನ ಅಚ್ಚುಕೂಟದಿಂದ ಬಂತು. ಫ್ಯಾಬ್ರಿಸಿಯಸ್ ಒಂಬತ್ತು ಸಾವಿರ ಪದ ಕೂಡಿಸಿದ್ದ ಕಡೆ ಅದರಲ್ಲಿ ಅರವತ್ತೇಳು ಸಾವಿರಕ್ಕೂ ಮೀರಿದ ಪದಗಳಿದ್ದವು. 1866ರಲ್ಲಿ ಅಮೆರಿಕನ್ನರು ಮದರಾಸಿನ ಕೆಲಸ ಮುಗಿಸಿ ಹೊರಟಾಗ ಅವರ ಅಚ್ಚುಕೂಟವನ್ನು ಎಸ್‌ಪಿಸಿಕೆ ಕೊಂಡಿತು. ವೇಪೇರಿಯ ಈ ಮುದ್ರಣಾಲಯ ಮುಂದೆ ಡಯಾಸಿಸನ್ ಪ್ರೆಸ್ ಎಂಬ ಹೆಸರಿನಲ್ಲಿ ನಡೆಯಿತು. ಹಂಟ್ ಕೆಲಕಾಲ ಊರಿನಲ್ಲಿದ್ದು ಚೀನಾಕ್ಕೆ ಹೋದ, ಬೀಜಿಂಗಿನ ಮಿಷನ್ ಅಚ್ಚುಕೂಟವನ್ನು ನಡೆಸಿ 1878ರಲ್ಲಿ ಅಲ್ಲೇ ಸತ್ತ.